ನೆಲಮಾಳಿಗೆಯ ಹಾಡು, ನಡುಮನೆಯ ಹಾಡು

ಜಾಝ್ ಎಂದರೆ ನನ್ನ ಪಾಲಿಗೆ ಬಹಳ ಕಾಲ ಹಳೆಯ ಹಿಂದಿ ಸಿನಿಮಾದ ಕ್ಲಬ್ಬಿನ ದೃಶ್ಯವೇ ಆಗಿತ್ತು. ಸಿಗರೇಟಿನ ಹೊಗೆ, ಕೈಯಲ್ಲಿ ಗ್ಲಾಸು ಹಿಡಿದ ಖಳನಾಯಕ, ಮೂಲೆಯಲ್ಲಿ ಸ್ಯಾಕ್ಸೋಫೋನ್ ಊದುವವನು. ಮರ್ಯಾದಸ್ಥ ಹೆಂಗಸರು ಕಾಲಿಡುವ ಜಾಗ ಅದಲ್ಲ ಎಂದು ಆ ದೃಶ್ಯಗಳೇ ನಮಗೆ ಪಾಠ ಹೇಳಿಬಿಟ್ಟಿದ್ದವು.

2017ರಲ್ಲಿ ಮಗಳ ಬಾಣಂತನಕ್ಕೆ ನ್ಯೂಜೆರ್ಸಿಗೆ ಹೋಗಿದ್ದೆ. ಮಗುವಿಗೆ ಐದು ತಿಂಗಳಾದಾಗ ಮಗಳು, "ಅಮ್ಮಾ, ಅಡುಗೆಮನೆ ಬಿಟ್ಟು ಒಂದು ಸಂಜೆ ಹೊರಡು. ನ್ಯೂಯಾರ್ಕಿನಲ್ಲಿ ಜಾಝ್ ಕೇಳಿಸುತ್ತೇನೆ" ಎಂದಳು. ಮಗುವನ್ನು ತಾನು ನೋಡಿಕೊಳ್ಳುವುದಾಗಿ ಅಳಿಯ ಹೇಳಿದ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಮೈಸೂರು ಸಿಲ್ಕ್ ಉಟ್ಟು, ಮೇಲೆ ಕೋಟು ಹಾಕಿಕೊಂಡು ಹೊರಟೆ.

ಮೊದಲು ಹೋದ ಜಾಗದ ಹೆಸರು ಬೇಡ. ಹೊಳೆಯುವ ದೀಪ, ಉದ್ದದ ಊಟದ ಪಟ್ಟಿ, ವೇದಿಕೆಗೆ ಬೆನ್ನು ಹಾಕಿ ಫೋಟೋ ತೆಗೆಸಿಕೊಳ್ಳುವ ಜನ. ಪಾಪ, ಪಿಯಾನೋ ನುಡಿಸುತ್ತಿದ್ದ ಹುಡುಗಿ ಚಮಚ, ತಟ್ಟೆಗಳ ಸದ್ದಿನೊಡನೆ ಜಗಳವಾಡಬೇಕಾಗಿತ್ತು. ನಮ್ಮ ಮದುವೆಮನೆಯ ನಾದಸ್ವರದವರ ನೆನಪಾಯಿತು. ಅವರು ತೋಡಿ ನುಡಿಸಿದರೂ ಒಂದೇ, ಮೋಹನ ನುಡಿಸಿದರೂ ಒಂದೇ. ಪಂಕ್ತಿಯಲ್ಲಿ ಪಾಯಸ ಬಂತೇ ಎಂದಷ್ಟೇ ನಮ್ಮ ಗಮನ.

ಎರಡನೆಯ ಬಾರಿ ಹೋದದ್ದು ವಿಲೇಜ್ ವ್ಯಾನ್‌ಗಾರ್ಡಿಗೆ. 1935ರಲ್ಲಿ ಮ್ಯಾಕ್ಸ್ ಗೋರ್ಡನ್ ಎಂಬವರು ತೆರೆದದ್ದು. ಕಡಿದಾದ ಮೆಟ್ಟಿಲಿಳಿದರೆ ತ್ರಿಕೋನಾಕಾರದ ಒಂದು ನೆಲಮಾಳಿಗೆ. ನೂರಿಪ್ಪತ್ತು ಜನ ಕೂತರೆ ತುಂಬಿಹೋಯಿತು. ಇಲ್ಲಿ ಊಟವಿಲ್ಲ. ಕುಡಿಯುವುದಕ್ಕೆ ಏನಾದರೂ ತೆಗೆದುಕೊಂಡು ಬಾಯಿ ಮುಚ್ಚಿ ಕೂರಬೇಕು. ನಾನು ಕಿತ್ತಳೆ ರಸ ತರಿಸಿಕೊಂಡೆ. ಯಾರೂ ನನ್ನ ಕಡೆ ತಿರುಗಿ ನೋಡಲಿಲ್ಲ.

ಸಂಗೀತ ಶುರುವಾದಾಗ ನನಗೆ ಆಶ್ಚರ್ಯ. ಮೊದಲು ಎಲ್ಲರೂ ಸೇರಿ ಒಂದು ಧಾಟಿಯನ್ನು ನುಡಿಸಿದರು. ಆಮೇಲೆ ಒಬ್ಬೊಬ್ಬರೂ ಅದನ್ನು ತಮ್ಮ ಮನೋಧರ್ಮದಂತೆ ಬೆಳೆಸಿದರು. ಡ್ರಮ್ಮಿನವನಿಗೂ ಉಳಿದವರಿಗೂ ನಾಲ್ಕು ನಾಲ್ಕು ಆವರ್ತದ ಸವಾಲು ಜವಾಬು ನಡೆಯಿತು. ಕೊನೆಗೆ ಎಲ್ಲರೂ ಮತ್ತೆ ಮೂಲ ಧಾಟಿಗೆ ಮರಳಿದರು. ನಮ್ಮ ಕಚೇರಿಯ ಕಲ್ಪನಾಸ್ವರ ಬಲ್ಲವರಿಗೆ ಇದು ತೀರಾ ಪರಕೀಯವಲ್ಲ. ನಮ್ಮದು ಒಂದು ರಾಗದ ಹಾದಿಯಲ್ಲಿ ನಡೆದರೆ, ಅವರದು ಬದಲಾಗುತ್ತಲೇ ಇರುವ ಸ್ವರಗುಚ್ಛಗಳ ಮೇಲೆ ನಡೆಯುತ್ತದೆ. ವ್ಯತ್ಯಾಸ ದೊಡ್ಡದು, ಧೈರ್ಯ ಒಂದೇ.

ಪಿಯಾನೋ ವಾದಕ ಬಿಲ್ ಇವಾನ್ಸ್ 1961ರ ಜೂನ್ 25ರಂದು ಇದೇ ಕೋಣೆಯಲ್ಲಿ ನುಡಿಸಿದ್ದು ಧ್ವನಿಮುದ್ರಣವಾಗಿ ಉಳಿದಿದೆ. ಅದರಲ್ಲಿ ಜನರ ಮಾತು, ಗ್ಲಾಸುಗಳ ಕಿಣಿಕಿಣಿ ಕೇಳುತ್ತದೆ. ಅಂದು ಬಾಸ್ ನುಡಿಸಿದ ಸ್ಕಾಟ್ ಲಫಾರೋ ಎರಡು ವಾರ ಕಳೆಯುವ ಮೊದಲೇ ಕಾರು ಅಪಘಾತದಲ್ಲಿ ತೀರಿಕೊಂಡರು. ವಯಸ್ಸು ಇಪ್ಪತ್ತೈದು. ಮಾತಾಡುತ್ತಿದ್ದ ಆ ಮೇಜಿನವರಿಗೆ ತಾವು ಏನನ್ನು ಕಳೆದುಕೊಳ್ಳುತ್ತಿದ್ದೇವೆಂದು ಹೇಗೆ ಗೊತ್ತಾಗಬೇಕು? ಎದುರು ಕೂತು ಕೇಳುವ ಸಂಗೀತದ ಬೆಲೆ ಇರುವುದೇ ಅಲ್ಲಿ.

ಮ್ಯಾಕ್ಸ್ 1989ರಲ್ಲಿ ತೀರಿಕೊಂಡ ಮೇಲೆ ಹೆಂಡತಿ ಲೊರೇನ್ ಗೋರ್ಡನ್ ಅಂಗಡಿ ಮುಚ್ಚಲಿಲ್ಲ. 2018ರಲ್ಲಿ ತೊಂಬತ್ತೈದರ ವಯಸ್ಸಿನಲ್ಲಿ ಸಾಯುವವರೆಗೆ ಅದು ಅವರದೇ ಆಡಳಿತ. ಯಾರೂ ಕೇಳದಿದ್ದ ಕಾಲದಲ್ಲಿ ಥೆಲೋನಿಯಸ್ ಮಂಕ್ ಎಂಬ ಪಿಯಾನೋ ವಾದಕನನ್ನು ಅಲ್ಲಿಗೆ ಕರೆಸುವಂತೆ ಮ್ಯಾಕ್ಸ್‌ಗೆ ಹೇಳಿದ್ದವರೂ ಅವರೇ. ಹೆಂಗಸರಿಗಲ್ಲದ ಜಾಗವೆಂದು ನಾನು ತಿಳಿದದ್ದನ್ನು ಒಬ್ಬ ಹೆಂಗಸು ಮೂವತ್ತು ವರ್ಷದ ಹತ್ತಿರ ನಡೆಸಿದ್ದರು!

ಆದರೆ ಈ ನಗರ ಎಲ್ಲ ಹೆಂಗಸರಿಗೂ ಬಾಗಿಲು ತೆರೆಯಲಿಲ್ಲ. ಒಂದು ಕಾಲಕ್ಕೆ ಮದ್ಯ ಮಾರುವ ಕ್ಲಬ್ಬುಗಳಲ್ಲಿ ಹಾಡಲು ಪೊಲೀಸರು ಕೊಡುವ ಕಾರ್ಡು ಬೇಕಿತ್ತು. ಮಾದಕವಸ್ತುವಿನ ಮೊಕದ್ದಮೆಯಲ್ಲಿ 1947ರಲ್ಲಿ ಜೈಲಿಗೆ ಹೋದ ಬಿಲ್ಲಿ ಹಾಲಿಡೇಗೆ ಆ ಕಾರ್ಡು ಹೋಯಿತು. ಮರುವರ್ಷ ಕಾರ್ನೆಗಿ ಹಾಲ್ ತುಂಬಿ ತುಳುಕುವಂತೆ ಹಾಡಿದರೂ ಚಿಕ್ಕ ಕ್ಲಬ್ಬಿನಲ್ಲಿ ಹಾಡುವ ಹಕ್ಕು ಮಾತ್ರ ಆಕೆಗಿರಲಿಲ್ಲ. ದೊಡ್ಡ ಸಭೆಯ ಚಪ್ಪಾಳೆ ವರ್ಷಕ್ಕೊಮ್ಮೆ. ಹೊಟ್ಟೆ ತುಂಬಿಸುವುದು ಚಿಕ್ಕ ಜಾಗದ ದಿನನಿತ್ಯದ ಹಾಡು. ಆ ಪದ್ಧತಿ 1967ರಲ್ಲಿ ರದ್ದಾಗುವಾಗ ಬಿಲ್ಲಿ ತೀರಿಕೊಂಡು ಎಂಟು ವರ್ಷವಾಗಿತ್ತು. ಇದನ್ನು ಓದಿದಾಗ ನಮ್ಮ ಗಂಗೂಬಾಯಿ ಹಾನಗಲ್ಲರು ಹಾಡುವವಳೆಂಬ ಕಾರಣಕ್ಕೇ ಬಾಲ್ಯದಲ್ಲಿ ಕೇಳಬೇಕಾದ ಕುಹಕದ ಮಾತುಗಳು ನೆನಪಾದವು. ಹಾಡು ಬೇಕು, ಹಾಡುವವಳು ಬೇಡ.

ಮೂರನೆಯ ಜಾಗಕ್ಕೆ ಟಿಕೆಟ್ಟೇ ಇರಲಿಲ್ಲ. ಮ್ಯಾನ್‌ಹಟನ್ನಿನ ಉತ್ತರದಲ್ಲಿ, ಹಿಂದೆ ಪಾಲ್ ರಾಬ್‌ಸನ್, ಕೌಂಟ್ ಬೇಸಿಯಂಥವರು ವಾಸವಿದ್ದ ಹಳೆಯ ಕಟ್ಟಡದಲ್ಲಿ ಮಾರ್ಜರಿ ಎಲಿಯಟ್ ಎಂಬಾಕೆಯ ಮನೆ. 1992ರಲ್ಲಿ ಆಕೆಯ ಮಗ ಫಿಲಿಪ್ ತೀರಿಕೊಂಡ. ಅವನ ನೆನಪಿಗೆ ಶುರುವಾದ ಸಂಗೀತ ಭಾನುವಾರದಿಂದ ಭಾನುವಾರಕ್ಕೆ ಬೆಳೆಯುತ್ತ ದಶಕಗಳನ್ನು ದಾಟಿತು. ಮಡಿಸುವ ಕುರ್ಚಿಗಳು ನಡುಮನೆ ತುಂಬಿ ಅಡುಗೆಮನೆಯವರೆಗೂ ಬಂದಿದ್ದವು. ಮಾರ್ಜರಿ ಪಿಯಾನೋ ನುಡಿಸಿದರು. ಅಪರಿಚಿತರ ಪಕ್ಕ, ಒಬ್ಬರ ಮೊಣಕಾಲಿಗೆ ಇನ್ನೊಬ್ಬರ ಮೊಣಕಾಲು ತಾಗುವಂತೆ ಕೂತೆವು. ನಡುವೆ ಎಲ್ಲರಿಗೂ ಸೇಬಿನ ರಸ ಬಂತು. ಮಗಳು ನನ್ನ ಕೈ ಹಿಡಿದಳು. ಐದು ತಿಂಗಳ ತಾಯಿಗೆ ಆ ಪಿಯಾನೋ ಏನು ಹೇಳುತ್ತಿದೆಯೆಂದು ನಾನು ಕೇಳಲಿಲ್ಲ.

ಜಾಝ್ ಎಲ್ಲಿ ಕೇಳಬೇಕು ಎಂದು ನೀವು ಕೇಳಿದರೆ ನನ್ನ ಉತ್ತರ ಇಷ್ಟು: ಅದರ ವಿದ್ಯೆ ತಿಳಿಯಬೇಕಾದರೆ ವ್ಯಾನ್‌ಗಾರ್ಡಿನಂಥ ನೆಲಮಾಳಿಗೆಗೆ ಹೋಗಿ. ಜನ ಅದನ್ನು ಯಾಕೆ ನುಡಿಸುತ್ತಾರೆಂದು ತಿಳಿಯಬೇಕಾದರೆ ಒಂದು ನಡುಮನೆ ಹುಡುಕಿ. ಜಾಗ ಎಷ್ಟು ಚಂದವಿದೆ ಎಂಬುದು ಅಳತೆಯಲ್ಲ. ಅಲ್ಲಿ ಕೇಳುವ ಕಿವಿ ಎಷ್ಟಿವೆ, ಯಾರನ್ನು ಹೊರಗೆ ನಿಲ್ಲಿಸಿದ್ದಾರೆ ಎಂಬುದೇ ಅಳತೆ.

ನಮ್ಮಮ್ಮ ಚೆನ್ನಾಗಿ ಹಾಡುತ್ತಿದ್ದಳು. ಆದರೆ ಒರಳಿನ ಸದ್ದಿನ ಮರೆಯಲ್ಲಿ ಮಾತ್ರ. ನಡುಮನೆಯಲ್ಲಿ ಮಾವನವರು ಕೂತಿರುತ್ತಿದ್ದರು. ನಮ್ಮ ಮನೆಯಲ್ಲಿ ಆಕೆಗೆ ಕಾರ್ಡು ಕೊಡುವವರು ಯಾರೂ ಇರಲಿಲ್ಲ.

ಊರಿಗೆ ಮರಳಿದ ಮೇಲೆ ಸೋಫಾವನ್ನು ಗೋಡೆಗೆ ಸರಿಸಿ ಜಮಖಾನ ಹಾಸಿದೆ. ತಿಂಗಳಿಗೊಂದು ಭಾನುವಾರ ಬೀದಿಯ ಏಳೆಂಟು ಜನ ಹೆಂಗಸರು ಸೇರಿ, ಬಂದಂತೆ ಹಾಡುತ್ತೇವೆ. ಶ್ರುತಿ ಒಮ್ಮೊಮ್ಮೆ ತಪ್ಪುತ್ತದೆ. ಬೀದಿ ಬಾಗಿಲನ್ನು ಮಾತ್ರ ಮುಚ್ಚುವುದಿಲ್ಲ.