ವ್ಯಾನಿಟಿ ಬ್ಯಾಗಿನ ಚಿತ್ರ ಮತ್ತು ಪ್ರತಿರೂಪಕ ವ್ಯವಹಾರ

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಕೊನೆಯದು ಪ್ರತಿರೂಪಕ ವ್ಯವಹಾರ. ಕೃತ್ರಿಮವಾದ ಚಿನ್ನ ಮೊದಲಾದವುಗಳಿಂದ ವಂಚನಾಪೂರ್ವಕವಾಗಿ ನಡೆಸುವ ವ್ಯಾಪಾರವೇ ಇದು ಎಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸುತ್ತಾರೆ. ಇಂದು ಆನ್‌ಲೈನ್ ಅಂಗಡಿಗಳಲ್ಲಿ ಹೆಸರಾಂತ ಕಂಪನಿಗಳ ವ್ಯಾನಿಟಿ ಬ್ಯಾಗುಗಳಿಗೆಂದು ಹಾಕುವ ಚಿತ್ರಗಳನ್ನು ಈ ಒರೆಗಲ್ಲಿಗೆ ಹಚ್ಚಿ ನೋಡಬೇಕಾಗಿದೆ.

ವ್ಯತ್ಯಾಸವೆಲ್ಲವೂ ವಂಚನೆಯಲ್ಲ. ಗಂಗರಾಜನ ಮಗ ಬೊಪ್ಪನು 1133ರಲ್ಲಿ ಹಳೇಬೀಡಿನಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಯ ನುಣುಪಾದ ಕಂಬಗಳ ಮುಂದೆ ನಿಂತವರಿಗೆ ತಮ್ಮ ರೂಪ ಕಿರಿದಾಗಿ ಕಾಣುತ್ತದೆ. ಕಂಬ ಸುಳ್ಳು ಹೇಳಿತೆಂದು ಯಾರೂ ದೂರುವುದಿಲ್ಲ. ಅದು ನಮ್ಮಿಂದ ಹಣ ಪಡೆದಿಲ್ಲವಷ್ಟೆ! ಹಾಗೆಯೇ ಬೆಳಕಿನಿಂದಲೋ ಪರದೆಯಿಂದಲೋ ಕಂದು ಬಣ್ಣ ತುಸು ಕೆಂಪಾಗಿ ಕಂಡರೆ ಕ್ಷಮಿಸಬಹುದು. ಆದರೆ ಅಂಗೈಯಗಲದ ಚೀಲವನ್ನು ಅಳತೆ ತಿಳಿಯದಂತೆ ತೋರಿಸುವುದು, ಮೂಲ ಕಂಪನಿಯ ಚಿತ್ರವನ್ನೇ ಎತ್ತಿಕೊಂಡು ನಕಲಿ ಮಾಲನ್ನು ಕಳುಹಿಸುವುದು, ಇವು ಬೇರೆ. ಇಲ್ಲಿ ವಂಚನೆಯ ಸಂಕಲ್ಪ ಚಿತ್ರಕ್ಕಿಂತ ಮೊದಲೇ ಸಿದ್ಧವಾಗಿರುತ್ತದೆ. ಚಿತ್ರಕ್ಕೂ ವಸ್ತುವಿಗೂ ವ್ಯತ್ಯಾಸವಿರಬಹುದೆಂದು ಸಣ್ಣ ಅಕ್ಷರಗಳಲ್ಲಿ ಬರೆದ ಮಾತ್ರಕ್ಕೆ ದೋಷ ಕಳೆಯದು.

ಅರಸೀಕೆರೆಯ ಮಾರುಕಟ್ಟೆಯಲ್ಲಿ ನಾವು ಕೊಬ್ಬರಿಯನ್ನು ಕೈಯಲ್ಲಿ ಹಿಡಿದು, ಒಡೆದು ನೋಡಿ ದರ ಹೇಳುತ್ತೇವೆ. ಚಿತ್ರದೊಳಕ್ಕೆ ಕೈ ಹಾಕಲಾಗದು. ರೆಕ್ಸಿನ್ ಮತ್ತು ಚರ್ಮ ಚಿತ್ರದಲ್ಲಿ ಒಂದೇ ಬಗೆಯಾಗಿ ತೋರಬಹುದು. ಬಟ್ಟೆಯದೆಂದು ತರಿಸಿದ ಚೀಲದ ಹಿಡಿಯಲ್ಲಿ ಚರ್ಮ ಸೇರಿದ್ದರೆ ಶ್ರಾವಕರಿಗಾಗುವ ನಷ್ಟ ಕೇವಲ ಹಣದ್ದಲ್ಲ. ಹಣವನ್ನು ಹಿಂದಿರುಗಿಸಬಹುದು, ಹಿಂಸೆಯಿಂದ ಬಂದ ವಸ್ತುವನ್ನು ಅರಿಯದೆ ಮನೆಯೊಳಗೆ ಬಳಸಿದ ನೋವನ್ನು ಹಿಂದಿರುಗಿಸುವುದೆಂತು? ಆದುದರಿಂದ ಆನ್‌ಲೈನ್ ವ್ಯಾಪಾರದಲ್ಲಿರುವ ನಮ್ಮ ಬಂಧುಗಳು ಚೀಲದ ಒಳಮೈ, ಹಿಡಿ, ಅಂಚುಗಳ ಚಿತ್ರವನ್ನು ಪಕ್ಕದಲ್ಲಿ ಅಳತೆಪಟ್ಟಿಯಿಟ್ಟು ತೆಗೆಯಲಿ. ಯಾವ ವಸ್ತುವಿನಿಂದ ಮಾಡಿದ್ದೆಂದು ದಪ್ಪ ಅಕ್ಷರದಲ್ಲಿ ಬರೆಯಲಿ.

ಜಾಹೀರಾತಿನಲ್ಲಿ ತೋರಿಸಿದ ಲಕ್ಷಣಗಳಿಲ್ಲದ ಮಾಲನ್ನು ಹಿಂದಕ್ಕೆ ಪಡೆಯಲು ಮಾರಾಟಗಾರರು ನಿರಾಕರಿಸಕೂಡದೆಂದು 2020ರ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳು ವಿಧಿಸಿವೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಮೋಸಹೋದವರು ನಾಚಿಕೆಯಿಂದ ಸುಮ್ಮನಿರಬಾರದು.

ಕೊಳ್ಳುವವರ ವಿಷಯವನ್ನೂ ಮುಚ್ಚಿಡುವಂತಿಲ್ಲ. ಹತ್ತಾರು ಸಾವಿರದ ಚೀಲವನ್ನು ಸಾವಿರ ರೂಪಾಯಿಗೆ ತೋರಿಸಿದಾಗ ಅದು 'ಫಸ್ಟ್ ಕಾಪಿ' ಎಂದು ಅರಿತೇ ಕೊಳ್ಳುವವರು ನಮ್ಮಲ್ಲಿಯೂ ಇದ್ದಾರೆ. ಅಷ್ಟೊಂದು ಬೆಲೆಯ ಚೀಲವೇ ಏಕೆಂಬ ಪರಿಗ್ರಹದ ಪ್ರಶ್ನೆ ಹಾಗಿರಲಿ. ಮತ್ತೊಬ್ಬರ ಹೆಸರನ್ನು ಕದ್ದು ಮಾಡಿದ ಮಾಲನ್ನು ತಿಳಿದೂ ಕೊಳ್ಳುವುದು ಎಂಥ ನಡತೆ? ಅದೇ ಐದು ಅತಿಚಾರಗಳಲ್ಲಿ ಕಳವಿನ ವಸ್ತುವನ್ನು ಪಡೆಯುವುದೂ ತದಾಹೃತಾದಾನವೆಂಬ ಹೆಸರಿನಿಂದ ಸೇರಿದೆ.