ಶಾಫ್ಟ್ ಹಿಡಿತದ ಲೆಕ್ಕದಲ್ಲಿ ಒಂದು ಕೊರತೆ
ಶಂಕುವಿನಾಕಾರದ ಉಂಗುರಗಳನ್ನು ಬೋಲ್ಟ್‌ಗಳಿಂದ ಬಿಗಿದು, ಕೀ ಇಲ್ಲದೆಯೇ ಗಿಯರನ್ನು ಶಾಫ್ಟ್‌ಗೆ ಬಂಧಿಸುವ ಸಾಧನದಲ್ಲಿ ಟಾರ್ಕನ್ನು ಸಾಗಿಸುವುದು ಘರ್ಷಣೆ ಮಾತ್ರ. ಪಠ್ಯಗಳು ಇದಕ್ಕೆ ಕೊಡುವ ಸೂತ್ರ ಸರಿಯಾಗಿಯೇ ಇದೆ: ಟಾರ್ಕ್, ಘರ್ಷಣಾ ಗುಣಾಂಕ, ಒತ್ತಡ, ಸಂಪರ್ಕದ ಉದ್ದ ಹಾಗೂ ವ್ಯಾಸದ ವರ್ಗಕ್ಕೆ ಅನುಲೋಮ ಅನುಪಾತದಲ್ಲಿರುತ್ತದೆ. ಆದರೆ ಗುಣಾಂಕಕ್ಕೆ 0.12ರಂಥ ಒಂದೇ ಬೆಲೆ ಕೊಟ್ಟು ಲೆಕ್ಕ ಮುಗಿಸುವುದನ್ನು ಒಪ್ಪಲಾಗದು. ಅದು ಉಕ್ಕಿನ ಸ್ಥಿರಾಂಕವಲ್ಲ; ಮೇಲ್ಮೈಯ ಸ್ಥಿತಿಯನ್ನು ಅವಲಂಬಿಸಿದೆ. ಮಾಲಿಬ್ಡಿನಮ್ ಡೈಸಲ್ಫೈಡ್ ಬೆರೆತ ಗ್ರೀಸ್ ತಗುಲಿ ಅದು 0.06ಕ್ಕೆ ಇಳಿದರೆ, ಅದೇ ಒತ್ತಡದಲ್ಲಿ ಹಿಡಿತ ಅರ್ಧವಾಗುತ್ತದೆ. ಒತ್ತಡವೂ ಘರ್ಷಣೆಯಿಂದ ಮುಕ್ತವಲ್ಲ: ಬೋಲ್ಟ್ ಬಿಗಿಯುವ ಶ್ರಮದ ಬಹುಪಾಲು ಎಳೆಗಳಲ್ಲಿ ಮತ್ತು ತಲೆಯಡಿಯಲ್ಲೇ ವ್ಯಯವಾಗುತ್ತದೆ. ಗುಣಾಂಕದ ಕನಿಷ್ಠ ಬೆಲೆಗೂ ಲೆಕ್ಕ ಮಾಡಿಸದ ಪಾಠ, ಯಂತ್ರಶಾಲೆಯಲ್ಲಿ ಜಾರುವ ಶಾಫ್ಟ್‌ಗೆ ವಿದ್ಯಾರ್ಥಿಗಳನ್ನು ಸಿದ್ಧಗೊಳಿಸದು.