ಪ್ಯಾರಾಚೂಟಿನ ಬೀವರ್, ಮೋರಿಯ ಬೀವರ್

1948ರಲ್ಲಿ ಅಮೆರಿಕದ ಐಡಾಹೊ ರಾಜ್ಯದ ಮೀನು ಮತ್ತು ಬೇಟೆ ಇಲಾಖೆ 76 ಬೀವರ್‌ಗಳನ್ನು ಮರದ ಪೆಟ್ಟಿಗೆಗಳಲ್ಲಿಟ್ಟು, ಮಹಾಯುದ್ಧದಲ್ಲಿ ಮಿಕ್ಕುಳಿದ ಪ್ಯಾರಾಚೂಟು ಕಟ್ಟಿ, ವಿಮಾನದಿಂದ ಚೇಂಬರ್ಲಿನ್ ಕಣಿವೆಯ ಕಾಡಿಗೆ ಇಳಿಸಿತು. ನೆಲ ಮುಟ್ಟಿದರೆ ಪೆಟ್ಟಿಗೆ ತಾನಾಗಿ ತೆರೆದುಕೊಳ್ಳುತ್ತಿತ್ತು. ಅದಕ್ಕೂ ಮೊದಲು ಜೆರಾನಿಮೊ ಎಂಬ ಗಂಡು ಬೀವರನ್ನು ಮತ್ತೆ ಮತ್ತೆ ಬೀಳಿಸಿ ಪರೀಕ್ಷೆ ಮಾಡಿದ್ದರು. 76ರಲ್ಲಿ ಸತ್ತದ್ದು ಒಂದೇ. ಬೀವರ್ ಸಂರಕ್ಷಣೆಯ ಮಾತು ಬಂದಾಗಲೆಲ್ಲ ಈ ಕಥೆ ಬರುತ್ತದೆ. ಕೇಳಿದವರು ನಗುತ್ತಾರೆ, ಮೆಚ್ಚುತ್ತಾರೆ. ಇಲಾಖೆ ಈ ಬಗ್ಗೆ ತೆಗೆದ ಚಿತ್ರದ ಹೆಸರಿನ ಮುಂದೆ ಮಾತ್ರ ಯಾರೂ ನಿಲ್ಲುವುದಿಲ್ಲ. ಕನ್ನಡಿಸಿದರೆ ಅದು 'ನಾಳೆಗೆ ತುಪ್ಪಳ'. ಮುಂದೊಂದು ದಿನ ಹಿಡಿದು ಸುಲಿಯಬೇಕಾದ ಚರ್ಮದ ಲೆಕ್ಕವೂ ಆ ಪೆಟ್ಟಿಗೆಗಳೊಳಗೆ ಕೂತಿತ್ತು.

(ಬೀವರ್ ಎಂದರೆ ನಮ್ಮ ನೀರುನಾಯಿಯಲ್ಲ. ನೀರುನಾಯಿ ಮೀನು ತಿನ್ನುತ್ತದೆ. ಬೀವರ್ ಇಲಿ-ಅಳಿಲುಗಳ ಬಳಗದ್ದು. ತೊಗಟೆ, ಚಿಗುರು ತಿಂದು, ಮರ ಕಡಿದು ಹೊಳೆಗೆ ಒಡ್ಡು ಕಟ್ಟುತ್ತದೆ. ಕನ್ನಡದಲ್ಲಿ ಹೆಸರಿಲ್ಲದ್ದಕ್ಕೆ ಬೇರೊಂದರ ಹೆಸರು ತೊಡಿಸಬೇಕಿಲ್ಲ.)

ಈಗ ಪ್ರಚಲಿತವಾಗಿರುವ ನಂಬಿಕೆ ಇಷ್ಟು: ಬೀವರ್ ತಂದು ಬಿಡಿ, ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ. ಒಡ್ಡಿನ ಗುಣದ ಬಗ್ಗೆ ನನ್ನ ತಕರಾರಿಲ್ಲ. ನೀರು ನಿಲ್ಲುತ್ತದೆ, ಇಂಗುತ್ತದೆ, ಅಕ್ಕಪಕ್ಕದ ನೆಲದಡಿಯ ನೀರು ಮೇಲೇರುತ್ತದೆ. ಪಶ್ಚಿಮ ಅಮೆರಿಕದ ದೊಡ್ಡ ಕಾಡ್ಗಿಚ್ಚುಗಳ ಉಪಗ್ರಹ ಚಿತ್ರಗಳನ್ನು ನೋಡಿ 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೀವರ್ ಒಡ್ಡುಗಳಿದ್ದ ಹೊಳೆದಂಡೆಗಳು ಇಲ್ಲದವಕ್ಕಿಂತ ಎಷ್ಟೋ ಹಸಿರಾಗಿ ಉಳಿದಿದ್ದವು. ನನ್ನ ತಕರಾರು 'ತಂದು ಬಿಡಿ' ಎಂಬ ಎರಡು ಪದಗಳ ಮೇಲೆ.

ಆರೆಗನ್ ರಾಜ್ಯದ ಕರಾವಳಿ ಬೆಟ್ಟಗಳಲ್ಲಿ, ಜನರಿಗೆ ಉಪದ್ರವವಾಗಿದ್ದ 38 ಬೀವರ್‌ಗಳಿಗೆ ರೇಡಿಯೊ ಕಟ್ಟಿ ಬೇರೆ ಹೊಳೆಗಳಿಗೆ ಬಿಟ್ಟರು. ಹದಿನಾರು ವಾರದಲ್ಲಿ ಸುಮಾರು ಅರ್ಧದಷ್ಟು ಸತ್ತವು, ಬಹಳಷ್ಟು ಕೂಗರ್ ಎಂಬ ದೊಡ್ಡ ಕಾಡುಬೆಕ್ಕಿನ ಬಾಯಿಗೆ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಬೀವರಿಗೆ ಕೊಳವೇ ಕೋಟೆ. ಒಡ್ಡಿಲ್ಲದ, ಗೂಡಿಲ್ಲದ, ಪರಿಚಯವಿಲ್ಲದ ತೆಳುನೀರಿನಲ್ಲಿ ಬಿಟ್ಟರೆ ಅದು ಬಯಲಿನಲ್ಲಿಟ್ಟ ಕೊಬ್ಬಿನ ಮುದ್ದೆ. ವಾಷಿಂಗ್ಟನ್ ರಾಜ್ಯದ ಮೆಥೌ ಕಣಿವೆಯಲ್ಲಿ 2008ರಿಂದ ಈ ಕೆಲಸ ಮಾಡುತ್ತಿರುವವರು ಇದನ್ನು ಬಲ್ಲರು. ಅವರು ಕುಟುಂಬವನ್ನು ಒಡೆಯುವುದಿಲ್ಲ. ಒಂಟಿಯಾಗಿ ಸಿಕ್ಕಿದ್ದಕ್ಕೆ ಜೋಡಿ ಕೂಡಿಸುತ್ತಾರೆ. ಹಾಗಿದ್ದೂ ಎಲ್ಲವೂ ಬಿಟ್ಟಲ್ಲೇ ನಿಲ್ಲುವುದಿಲ್ಲ.

ನನಗೆ ಹೆಚ್ಚು ಹೇಳುವ ಜಾಗ ಆರೆಗನ್ನಿನದೇ ಬ್ರಿಜ್ ಕ್ರೀಕ್. ಅಲ್ಲಿಗೆ ಬೀವರನ್ನು ಹೊತ್ತು ತರುವ ಅಗತ್ಯವೇ ಇರಲಿಲ್ಲ. ಅವು ಅಲ್ಲೇ ಇದ್ದವು. ಆದರೆ ಹೊಳೆ ಕೊರೆದು ಕೊರೆದು ಆಳದ ಕಂದಕವಾಗಿತ್ತು. ಕಟ್ಟಿದ ಒಡ್ಡು ಪ್ರವಾಹಕ್ಕೆ ಕಿತ್ತುಹೋಗುತ್ತಿತ್ತು. ಸಂಶೋಧಕರು 2009ರಿಂದ ಹೊಳೆಗೆ ಅಡ್ಡಲಾಗಿ ಮರದ ಗೂಟ ಹೊಡೆದು ಕೊಂಬೆ ಹೆಣೆದರು. ಆ ಆಸರೆ ಹಿಡಿದು ಬೀವರ್‌ಗಳು ಉಳಿದದ್ದನ್ನು ಕಟ್ಟಿದವು. ಸ್ಟೀಲ್‌ಹೆಡ್ ಮೀನಿನ ಮರಿಗಳು ಹೆಚ್ಚಿದವು, ಹೆಚ್ಚು ಬದುಕಿದವು. ಗೂಟ ಹೊಡೆಯುವವನ ಚಿತ್ರ ಪ್ಯಾರಾಚೂಟಿನಷ್ಟು ಚೆನ್ನಾಗಿ ಬರುವುದಿಲ್ಲ, ಅಷ್ಟೇ.

ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲೂ ಹಾಗೆಯೇ. 1995ರಲ್ಲಿ ತೋಳ ಬಂತು, ಎಲ್ಕ್ ಜಿಂಕೆ ಕಡಿಮೆಯಾಯಿತು, ವಿಲೋ ಗಿಡ ಚಿಗುರಿತು, ಬೀವರ್ ಮರಳಿತು, ನದಿ ಬದಲಾಯಿತು ಎಂಬ ಸರಪಳಿಯನ್ನು ಎಲ್ಲರೂ ಕೇಳಿದ್ದಾರೆ. ಅಲ್ಲಿಯ ಉತ್ತರದ ಕಣಿವೆಗಳಲ್ಲಿ 2001ರಿಂದ ನಡೆದ ಪ್ರಯೋಗ ಅಷ್ಟು ಸಲೀಸಾಗಿ ಒಪ್ಪುವುದಿಲ್ಲ. ಬೇಲಿ ಹಾಕಿ ಜಿಂಕೆಯನ್ನು ದೂರವಿಟ್ಟರೆ ಸಾಲದು, ಒಡ್ಡು ಹಾಕಿ ನೀರನ್ನೂ ಮೇಲೇರಿಸಬೇಕು; ಆಗಲೇ ವಿಲೋ ಎತ್ತರಕ್ಕೆ ಬೆಳೆಯಿತು. ಒಡ್ಡಿಲ್ಲದೆ ವಿಲೋ ಇಲ್ಲ, ವಿಲೋ ಇಲ್ಲದೆ ಬೀವರ್ ಇಲ್ಲ, ಬೀವರ್ ಇಲ್ಲದೆ ಒಡ್ಡಿಲ್ಲ. ರಾಷ್ಟ್ರೀಯ ಅರಣ್ಯಗಳಲ್ಲಿ ದನ ಮೇಯಿಸಲು ಪರವಾನಗಿ ಕೊಡುವವರೂ ಈ ಲೆಕ್ಕವನ್ನು ಓದಬೇಕು: ಹೊಳೆದಂಡೆಯ ಚಿಗುರು ದನಕ್ಕೂ ಇಷ್ಟ.

ಬೀವರ್ ಎಲ್ಲಿದ್ದರೂ ಒಳ್ಳೆಯದು ಎನ್ನುವವರು ದಕ್ಷಿಣ ಅಮೆರಿಕದ ತುದಿಯನ್ನು ನೋಡಲಿ. 1946ರಲ್ಲಿ ಅರ್ಜೆಂಟೀನಾ ಸರ್ಕಾರ ತುಪ್ಪಳದ ಆಸೆಗೆ ಟಿಯೆರಾ ಡೆಲ್ ಫ್ಯೂಗೊ ದ್ವೀಪಕ್ಕೆ 20 ಬೀವರ್ ತಂದು ಬಿಟ್ಟಿತು. ಕಡಿದರೂ ಮತ್ತೆ ಚಿಗುರುವ ವಿಲೋ ಅಲ್ಲಿಲ್ಲ. ಬೀವರ್ ಕೊಳದಲ್ಲಿ ಮುಳುಗಿದ ಲೆಂಗಾ ಮರಗಳ ಕಾಡು ಸತ್ತು ನಿಂತಿದೆ. ಈಗ ಅರ್ಜೆಂಟೀನಾ, ಚಿಲಿ ಎರಡೂ ಅವನ್ನು ನಿರ್ಮೂಲ ಮಾಡಲು ಹೆಣಗುತ್ತಿವೆ.

ನನಗೆ ಸಿಟ್ಟು ಬರುವುದು ಮೋರಿಯ ವಿಷಯದಲ್ಲಿ. ರಸ್ತೆಯಡಿಯ ಮೋರಿಯಲ್ಲಿ ಹರಿಯುವ ನೀರಿನ ಸದ್ದು ಕೇಳಿದರೆ ಬೀವರ್ ಅದನ್ನು ಮುಚ್ಚುತ್ತದೆ, ರಸ್ತೆ ಮುಳುಗುತ್ತದೆ. ಮೋರಿಯ ಬಾಯಿಗೆ ಬೇಲಿ, ಒಡ್ಡಿನ ನಡುವೆ ಒಂದು ಕೊಳವೆ, ಹಲವೆಡೆ ಇಷ್ಟರಿಂದಲೇ ಜಗಳ ಮುಗಿಯುತ್ತದೆ. ಅದರ ಬದಲು ಕೊಲ್ಲುತ್ತಾರೆ. ಅಮೆರಿಕದ ಕೃಷಿ ಇಲಾಖೆಯ ವನ್ಯಜೀವಿ ಸೇವಾ ವಿಭಾಗವೊಂದೇ ವರ್ಷಕ್ಕೆ 20,000ಕ್ಕೂ ಹೆಚ್ಚು ಬೀವರ್ ಕೊಂದ ವರ್ಷಗಳಿವೆ. ರಾಷ್ಟ್ರೀಯ ಅರಣ್ಯಗಳನ್ನು ನೋಡಿಕೊಳ್ಳುವ ಅರಣ್ಯ ಸೇವೆಯೂ ಅದೇ ಕೃಷಿ ಇಲಾಖೆಯದು. ಹಾಗಾಗಿ ಎಷ್ಟು ಬೀವರ್ ಬಿಟ್ಟಿರಿ ಎಂದು ಕೇಳುವ ಮೊದಲು ಎಷ್ಟನ್ನು ಕೊಲ್ಲದೆ ಬಿಟ್ಟಿರಿ ಎಂದು ಕೇಳಬೇಕು.

ಆರೆಗನ್ನಿಗೆ 'ಬೀವರ್ ರಾಜ್ಯ' ಎಂದೇ ಅಡ್ಡಹೆಸರು. ಬಾವುಟದ ಹಿಂಬದಿಯಲ್ಲಿ ಬೀವರ್ ಚಿತ್ರವಿದೆ. ತೊಗಟೆ ತಿನ್ನುವ ಈ ಪ್ರಾಣಿ ಅದೇ ರಾಜ್ಯದ ಕಾಯ್ದೆಯಲ್ಲಿ 'ಪರಭಕ್ಷಕ'ಗಳ ಪಟ್ಟಿಯಲ್ಲಿತ್ತು. ಹೆಸರು ತೆಗೆಯುವ ಮಸೂದೆ ಅಂಗೀಕಾರವಾದದ್ದು 2023ರಲ್ಲಿ, ಜಾರಿಗೆ ಬಂದದ್ದು 2024ರಲ್ಲಿ.